ನನ್ನ ಚಿತ್ರದಲ್ಲಿ ನನ್ನ ಕೈ ಯಾವುದು? ಶೈಲಿ ಬಗ್ಗೆ ಒಂದು ಪ್ರಶ್ನೆ

ಕಡಲಗೆರೆ, ಕಾರವಾರ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಹೈಸ್ಕೂಲಿನಲ್ಲಿ ಲೋವರ್, ಹೈಯರ್ ಎರಡೂ ಡ್ರಾಯಿಂಗ್ ಗ್ರೇಡ್ ಪರೀಕ್ಷೆ ಪಾಸು ಮಾಡಿದ್ದು ಬಿಟ್ಟರೆ ಕಲಿತದ್ದೆಲ್ಲ ಯೂಟ್ಯೂಬ್ ನೋಡಿ. ಐದು ವರ್ಷದಿಂದ ಜಲವರ್ಣ ಮಾಡ್ತಿದ್ದೇನೆ. ಸಂಜೆ ಬೈತಖೋಲ್ ಬಂದರಿಗೆ ಹೋಗಿ ದೋಣಿ ಬಿಡಿಸೋದು, ಭಾನುವಾರ ಕಾಳಿ ಹೊಳೆ ಅಂಚಿಗೆ ಕೂತು ಸದಾಶಿವಗಡ. 2024ರ ಆಗಸ್ಟಿನಲ್ಲಿ ಕುಸಿದುಬಿದ್ದ ಹಳೇ ಸೇತುವೆಯ ಚಿತ್ರಗಳೂ ಇವೆ, ಅವನ್ನು ಯಾರಿಗೂ ಕೊಟ್ಟಿಲ್ಲ.

ಕಳೆದ ಡಿಸೆಂಬರಿನಲ್ಲಿ ಒಂದು ಸಣ್ಣ ಪ್ರದರ್ಶನದಲ್ಲಿ ಹನ್ನೆರಡು ಚಿತ್ರ ಇಟ್ಟಿದ್ದೆ. ಹಿರಿಯರೊಬ್ಬರು ಎಲ್ಲವನ್ನೂ ನಿಧಾನವಾಗಿ ನೋಡಿ, "ಚೆನ್ನಾಗಿದೆ. ಮೂರು ಜನರದ್ದಾ ಇದು?" ಅಂತ ಕೇಳಿದರು. ಕೊಂಕಿನಿಂದ ಕೇಳಿದ್ದಲ್ಲ, ನಿಜವಾಗಿಯೂ ಹಾಗೇ ತಿಳಿದಿದ್ದರು. ಮನೆಗೆ ಬಂದು ನೋಡಿದರೆ ಹೌದು. ನಾಲ್ಕು ಚಿತ್ರ ನಾನು ನೋಡುವ ಒಂದು ಚಾನೆಲ್‌ನವರ ಹಾಗಿವೆ, ಐದು ಇನ್ನೊಬ್ಬರ ಹಾಗೆ. ಆವತ್ತಿನಿಂದ ಬ್ರಶ್ ಹಿಡಿದರೆ ಸಾಕು, ಇದು ಯಾರ ಕೈ ಅನ್ನೋದೇ ತಲೆಯಲ್ಲಿ.

ನಿಮಗೆ ನಿಮ್ಮ ಶೈಲಿ ಹೇಗೆ ಬಂತು? ಒಂದೇ ಬಣ್ಣ, ಒಂದೇ ವಿಷಯ ಅಂತ ಆರಿಸಿಕೊಂಡು ಕೂರಬೇಕಾ?

ಬಣ್ಣದಪೆಟ್ಟಿಗೆ, ಕುಮಟಾ

ಆರಿಸಿಕೊಳ್ಳೋದರಿಂದ ಬರೋದಿಲ್ಲ, ಮಾಡಿ ನೋಡಿದ್ದೇನೆ. ಒಂದು ವರ್ಷ ಇಡೀ ನೀಲಿ ಒಂದನ್ನೇ ಬಳಸಿದೆ. ಕೊನೆಗೆ ನೋಡಿದರೆ ಗೆರೆಗಳೆಲ್ಲ ಮೊದಲಿನ ಹಾಗೇ ಬೇರೆಯವರದ್ದು. ನಾನೂ ಉತ್ತರ ಕಾಯ್ತಿದ್ದೇನೆ.

ಹಳೇಮಾಸ್ತರ, ಶಿರಸಿ

ತಮ್ಮಾ, ಆ ಹಿರಿಯರು ನಿನಗೆ ಉಪಕಾರವನ್ನೇ ಮಾಡಿದ್ದಾರೆ. ನಾನು ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಅದಕ್ಕೂ ಮೊದಲು ಕರಾವಳಿಯ ಒಂದು ಸಣ್ಣ ಗುಡಿಯಲ್ಲಿ ಕಾವಿ ಕೆಲಸ ಮಾಡುವವರಿಗೆ ಕೈಯಾಳಾಗಿದ್ದೆ.

ಕಾವಿ ಕಲೆ ನೀನು ನೋಡಿರ್ತೀ. ಇಲ್ಲಿ ನಮ್ಮ ಮಾರಿಕಾಂಬಾ ದೇವಸ್ಥಾನದ ಗೋಡೆ ಮೇಲಿರುವ ಕೆಂಪು-ಬಿಳಿ ಚಿತ್ತಾರ ಅದೇ. ಚಿಪ್ಪಿ ಸುಣ್ಣಕ್ಕೆ ಹೊಳೆ ಮರಳು, ಬೆಲ್ಲ ಸೇರಿಸಿ ಎರಡು ವಾರ ಹುಳಿಯಲು ಬಿಡಬೇಕು, ಆಮೇಲೆ ಕುಟ್ಟಿ ಕುಟ್ಟಿ ಹದ ಮಾಡಬೇಕು. ಕುಟ್ಟುವುದು ನನ್ನ ಕೆಲಸವಾಗಿತ್ತು, ಅಂಗೈ ಬೊಬ್ಬೆ ಬಂದದ್ದು ಇನ್ನೂ ನೆನಪಿದೆ. ಆ ಬಿಳಿ ಗಾರೆಯ ಮೇಲೆ ಉರಮುಂಜಿ ಕೆಂಪಿನ ತೆಳು ಪದರ ಎಳೆದು, ನುಣುಪು ಮಾಡಿ, ಹಸಿ ಇರುವಾಗಲೇ ಕಬ್ಬಿಣದ ಮೊನೆಯಿಂದ ಕೆರೆಯುವುದು. ಕೆರೆದಲ್ಲಿ ಅಡಿಯ ಬಿಳಿ ಕಾಣ್ತದೆ. ಇರುವುದೇ ಎರಡು ಬಣ್ಣ. ಒಣಗಿತೋ ಮುಗಿಯಿತು, ಅಳಿಸಿ ತಿದ್ದುವುದು ಅಂತಿಲ್ಲ.

ನಮ್ಮ ಗುರುಗಳು ಹೊಸತೇನನ್ನೂ ಬರೆದವರಲ್ಲ. ಅದೇ ಬಳ್ಳಿ, ಅದೇ ತಾವರೆ, ಅದೇ ಹನುಮಂತ. ಆದರೆ ಎಸಳಿನ ತುದಿಗೆ ಬಂದಾಗ ಮೊನೆಯನ್ನು ಚೂರು ಒತ್ತಿ, ಎಡಕ್ಕೆ ಹೊರಳಿಸಿ ಎತ್ತುತ್ತಿದ್ದರು. ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ದಪ್ಪಗೆ ಉಳಿಯುತ್ತಿತ್ತು. ಯಾಕೆ ಹಾಗೆ ಅಂತ ಕೇಳಿದ್ದಕ್ಕೆ, "ಸೀದಾ ಎತ್ತಿದ್ರೆ ಕೆಂಪು ಸಿಪ್ಪೆ ಎದ್ದು ಬರ್ತದೆ ಮಾರಾಯಾ" ಅಂದರು. ಅವರಿಗೆ ಅದು ಬರೀ ಕೆಲಸದ ಉಪಾಯ. ಎಷ್ಟೋ ವರ್ಷ ಕಳೆದ ಮೇಲೆ ಅಂಕೋಲೆ ಕಡೆ ಒಂದು ಗುಡಿಗೆ ಹೋದಾಗ ಗೋಡೆ ಮೇಲೆ ಆ ಅಕ್ಕಿಕಾಳು ಕಂಡಿತು. ಹೆಸರು ಎಲ್ಲೂ ಬರೆದಿರಲಿಲ್ಲ. ನನ್ನ ಹೆಂಡತಿಗೆ "ಇದು ನಮ್ಮ ಗುರುಗಳ ಕೈ" ಅಂತ ತೋರಿಸುವಾಗ ಗಂಟಲು ಕಟ್ಟಿತ್ತು.

ಐದು ವರ್ಷ ಮಾಡಿದ್ದೀ ಅಂದಮೇಲೆ ನಿನ್ನ ಕೈಗೂ ಅಂಥ ಉಪಾಯ ಹತ್ತಿರಲೇಬೇಕು. ಇದ್ದಬದ್ದ ಹಾಳೆಯನ್ನೆಲ್ಲ ನೆಲದ ಮೇಲೆ ಹರಡು, ಕೆಟ್ಟದ್ದನ್ನೂ ಸೇರಿಸು. ಪ್ರತಿ ಸಲ ಏನನ್ನು ಬಿಟ್ಟಿದ್ದೀ, ವಿಡಿಯೊದವರು ಹೇಳಿದರೂ ಎಲ್ಲಿ ಅವರ ಮಾತು ಕೇಳಿಲ್ಲ, ಅದನ್ನು ಹುಡುಕು.

ಚಂಡೆಮದ್ದಳೆ, ಹೊನ್ನಾವರ

ಮಾಸ್ತರರ ಮಾತು ಸರಿ. ಆದರೆ ಈ ಹುಡುಗ ಬೇರೆಯವರಿಂದ ಕಲಿತದ್ದೇ ತಪ್ಪು ಅಂತ ತಿಳಿದುಕೊಳ್ಳಬಾರದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಕೆರೆಮನೆ ಶಂಭು ಹೆಗಡೆಯವರೂ ನಮ್ಮ ತಾಲೂಕಿನವರೇ, ಇಬ್ಬರದ್ದೂ ಯಕ್ಷಗಾನದ ಬಡಗುತಿಟ್ಟು ಶೈಲಿಯೇ. ತಾಳ ಅದೇ, ಪ್ರಸಂಗ ಅದೇ. ಆದರೂ ಚಿಟ್ಟಾಣಿಯವರ ಕೀಚಕ ರಂಗಕ್ಕೆ ಬಂದ ಅಂದರೆ ನಾಲ್ಕು ಹೆಜ್ಜೆಗೇ ಗೊತ್ತಾಗುತ್ತಿತ್ತು. ಶಂಭು ಹೆಗಡೆಯವರು ಮಾಯಾ ರಾವ್ ಅವರ ಹತ್ತಿರ ನೃತ್ಯ ಸಂಯೋಜನೆ ಕಲಿತು ಬಂದವರು, ಅದರಿಂದ ಅವರ ಯಕ್ಷಗಾನ ಬೇರೆಯವರದ್ದಾಗಲಿಲ್ಲ. ಚಿತ್ರಕಾರರಲ್ಲೇ ಬೇಕಾದರೆ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರು ಲಯ ತಿಳಿಯಲಿಕ್ಕೆ ಕಥಕ್ ಕಲಿತವರು. ವಿಡಿಯೊ ನೋಡು, ಅಡ್ಡಿಲ್ಲ. ಬಂದರಿಗೆ ಹೋಗುವಾಗ ಮಾತ್ರ ಮೊಬೈಲ್ ಮನೆಯಲ್ಲಿಡು.

ಕಡಲಗೆರೆ, ಕಾರವಾರ

ಮಾಸ್ತರೇ, ನಿನ್ನೆ ರಾತ್ರಿ ಹರಡಿದೆ. 63 ಹಾಳೆ, ಅಡುಗೆಮನೆ ತನಕ ಬಂತು. ಅಮ್ಮ ದಾಟಿಕೊಂಡೇ ಓಡಾಡಿದಳು.

ಒಂದು ಸಿಕ್ಕಿದೆ ಅನಿಸ್ತದೆ. ನಾನು ನೀರಿಗೆ ಬಣ್ಣವನ್ನೇ ಹಾಕೋದಿಲ್ಲ. ದೋಣಿ ಅಡಿಗೆ ನೆರಳಿನ ಒಂದು ಪಟ್ಟಿ, ಅದೂ ಒಂದೇ ಬ್ರಶ್ಶಿನ ಎಳೆತ. ಉಳಿದದ್ದು ಖಾಲಿ ಹಾಳೆ. ಕಾರಣ ಗೊತ್ತು. ಇಲ್ಲಿಯ ಮಳೆಗಾಲದಲ್ಲಿ ದೊಡ್ಡ ವಾಷ್, ಅಂದರೆ ನೀರುಬಣ್ಣದ ಅಗಲವಾದ ತೆಳು ಪದರ, ಎಳೆದರೆ ಒಣಗೋದೇ ಇಲ್ಲ. ಮೇಲೆ ಇನ್ನೊಂದು ಹನಿ ನೀರು ತಾಗಿದರೆ ಹೂಕೋಸಿನ ಹಾಗೆ ಅಂಚು ಒಡೀತದೆ. ಹಾಗಾಗಿ ಶುರುವಿನ ವರ್ಷವೇ ಬಿಟ್ಟುಬಿಟ್ಟೆ. ಆದರೆ ಮಾರ್ಚಿನಲ್ಲಿ, ಎರಡು ನಿಮಿಷಕ್ಕೆ ಒಣಗುವ ಬಿಸಿಲಲ್ಲಿ ಮಾಡಿದ್ದರಲ್ಲೂ ನೀರು ಬಿಳಿಯೇ. ಚಾನೆಲ್‌ನವರ ಹಾಗೆ ಮಾಡಿದ ಆ ಒಂಬತ್ತರಲ್ಲೂ ಅದೇ. ಇದು ಶೈಲಿಯಾ, ಅಥವಾ ಹೆದರಿಕೆ ರೂಢಿಯಾಗಿ ಹೋಗಿದೆಯಾ?

ಹಳೇಮಾಸ್ತರ, ಶಿರಸಿ

ಹೆದರಿಕೆಯಿಂದ ಶುರುವಾಗಿದ್ದರೂ ಅಡ್ಡಿಲ್ಲ ತಮ್ಮಾ. ಗುರುಗಳೂ ಸಿಪ್ಪೆ ಏಳುವ ಹೆದರಿಕೆಗೇ ಮೊನೆ ಹೊರಳಿಸಿದ್ದು. ಇನ್ನು ಮೇಲೆ ಬೇಕೆಂದೇ ಬಿಡು. ಎಷ್ಟು ಬಿಳಿ ಬಿಟ್ಟರೆ ನೀರಾಗ್ತದೆ, ಎಲ್ಲಿ ಬರೀ ಖಾಲಿ ಹಾಳೆ ಆಗಿಬಿಡ್ತದೆ ಅನ್ನುವುದು ಹತ್ತಿಪ್ಪತ್ತು ಹಾಳೆ ಹಾಳಾದ ಮೇಲೆಯೇ ತಿಳಿಯುವುದು. ಆ ನೆರಳಿನ ಪಟ್ಟಿಯನ್ನು ಹೆಚ್ಚು ಗಮನಿಸು, ಇಡೀ ಸಮುದ್ರದ ಭಾರ ಅದರ ಮೇಲೇ ಬೀಳ್ತದೆ.

ಈಗ ಮೀನುಗಾರಿಕೆ ನಿಷೇಧದ ಕಾಲ. ಟ್ರಾಲರುಗಳೆಲ್ಲ ಬಂದರಿನಲ್ಲೇ ಕಟ್ಟಿಕೊಂಡಿವೆ, ಜುಲೈ 31ರ ತನಕ ಕದಲುವುದಿಲ್ಲ. ಒಂದೇ ದೋಣಿ ಹಿಡಿ, ದಿನಾ ಅದನ್ನೇ ಬರೆ. ವಾರಕ್ಕೊಮ್ಮೆ ಇಲ್ಲಿ ಹಾಕು, ನೋಡ್ತೇನೆ.