ಹಳೇ ಶೈಲಿಯ ಬ್ಯಾಂಜೋ: ಡಬಲ್ ಸಿ ಶ್ರುತಿ, ಐದನೇ ತಂತಿ

ಪ್ರಶ್ನೆ: ಅಮೆರಿಕದ ಎನ್‌ಪಿಆರ್ ರೇಡಿಯೋದಲ್ಲಿ ಸುದ್ದಿ ಓದುತ್ತಿದ್ದ ಪಾಲ್ ಬ್ರೌನ್ ಅವರ ಬ್ಯಾಂಜೋ ಕೇಳಿ ಕ್ಲಾಹ್ಯಾಮರ್ (ಉಗುರಿನಿಂದ ತಂತಿ ಬಡಿದು ಹೆಬ್ಬೆರಳಿಂದ ಐದನೇ ತಂತಿ ಮೀಟುವ ಶೈಲಿ) ಶುರು ಮಾಡಿದ್ದೇನೆ. ಬ್ಯಾಂಜೋದ ಸಾಮಾನ್ಯ ಶ್ರುತಿಯಾದ ಓಪನ್ ಜಿಯಿಂದ ಡಬಲ್ ಸಿಗೆ ಹೇಗೆ ಹೋಗೋದು? ಐದನೇ ತಂತಿ ಮಂಕಾಗಿ ಕೇಳಿಸುತ್ತೆ, ಯಾಕೆ?

ಉತ್ತರ 1: ನಾಲ್ಕನೇ ತಂತಿಯನ್ನು ಡಿಯಿಂದ ಸಿಗೆ ಇಳಿಸಿ, ಎರಡನೆಯದನ್ನು ಬಿಯಿಂದ ಸಿಗೆ ಏರಿಸಿ. ಉಳಿದ ಮೂರನ್ನು ಮುಟ್ಟಬೇಡಿ. ಡಿ ಸ್ಕೇಲ್‌ನಲ್ಲಿ ಫಿಡಲ್ ಜೊತೆ ನುಡಿಸೋದಾದರೆ 2ನೇ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಐದನೇ ತಂತಿಯನ್ನು ಬೇರೆಯಾಗಿ ಎಗೆ ಏರಿಸಲೇಬೇಕು; ಕ್ಯಾಪೊ ಅದನ್ನು ಹಿಡಿಯಲ್ಲ.

ಉತ್ತರ 2: ಮಂಕಾಗೋದು ಹೆಬ್ಬೆರಳು ತಡವಾದಾಗ. ತೋರುಬೆರಳಿನ ಉಗುರು ತಂತಿಗೆ ಬಡಿದ ಕ್ಷಣಕ್ಕೇ ಹೆಬ್ಬೆರಳು ಐದನೇ ತಂತಿಯ ಮೇಲೆ ಕೂತಿರಬೇಕು. ಕೈ ಮೇಲೇಳುವಾಗ ಅದು ತಾನಾಗಿ ಮೀಟುತ್ತೆ. ಬೆರಳು ಬಿಚ್ಚಬೇಡಿ, ಮಣಿಕಟ್ಟಿನಿಂದ ಹೊಡೆಯಿರಿ.

ಉತ್ತರ 3: ಬ್ರೌನ್ ಯಾರಿಂದ ಕಲಿತರೋ ಆ ಫಿಡಲ್, ಬ್ಯಾಂಜೋ ವಾದಕ ಟಾಮಿ ಜ್ಯಾರೆಲ್ (1901–1985) ಅವರನ್ನೂ ತಪ್ಪದೇ ಕೇಳಿ. ಆ ಲಯ ಅಲ್ಲಿಂದಲೇ ಬಂದದ್ದು.