ವರ್ಷಕ್ಕೆ ಆರು ಸೀರೆಗಳೋ, ಒಂದೇ ಇಳಕಲ್ ಸೀರೆಯೋ?

ಪ್ರಶ್ನೆ (ಶಾಲಾ ಶಿಕ್ಷಕಿ, ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ದಿನವೂ ಸೀರೆ ಉಟ್ಟು ಶಾಲೆಗೆ ಹೋಗುವವಳು. ಹಬ್ಬ, ರಿಯಾಯಿತಿ, ಬಂಧುಗಳ ಮದುವೆ ಎಂದು ಒಂದೊಂದು ನೆಪದಲ್ಲಿ ವರ್ಷಕ್ಕೆ ಐದಾರು ಸೀರೆಗಳನ್ನು, ಒಂದಕ್ಕೆ 600ರಿಂದ 700 ರೂಪಾಯಿ ಕೊಟ್ಟು, ಕೊಳ್ಳುತ್ತಾ ಬಂದಿದ್ದೇನೆ. ಕಳೆದ ವಾರ ಕಪಾಟು ಖಾಲಿ ಮಾಡಿ ಎಣಿಸಿದಾಗ 43 ಸೀರೆಗಳಿದ್ದವು. ಅವುಗಳಲ್ಲಿ ನಾನು ಇಷ್ಟಪಟ್ಟು ಉಡುವಂಥವು ಏಳು ಮಾತ್ರ. ಉಳಿದವುಗಳಲ್ಲಿ ಕೆಲವು ಬಣ್ಣ ಬಿಟ್ಟಿವೆ, ಕೆಲವುಗಳ ನೂಲು ಎದ್ದಿದೆ, ಕೆಲವು ಬೇಸಿಗೆಯಲ್ಲಿ ಮೈಗೆ ಅಂಟುತ್ತವೆ. ಅದೇ ಕಪಾಟಿನ ತಳದಲ್ಲಿ ನಮ್ಮ ಅವ್ವನ ಇಳಕಲ್ ಸೀರೆ ಸಿಕ್ಕಿತು. ನಾನು ಹುಟ್ಟುವ ಮೊದಲೇ ಕೊಂಡದ್ದು. ಅದರ ಕೆಂಪು ಸೆರಗು ಇಂದಿಗೂ ಮಾಸಿಲ್ಲ. ಇನ್ನು ಮುಂದೆ ಐದಾರು ಸೀರೆಗಳ ಹಣವನ್ನು ಕೂಡಿಟ್ಟು ವರ್ಷಕ್ಕೆ ಒಂದೇ ಕೈಮಗ್ಗದ ಸೀರೆ ಕೊಳ್ಳಬೇಕೆಂದಿದ್ದೇನೆ. ಇದು ದಿನಬಳಕೆಗೆ ಒದಗೀತೇ? ಪವರ್‌ಲೂಮ್ ಸೀರೆಯನ್ನೇ ಕೈಮಗ್ಗದ್ದೆಂದು ಕೊಟ್ಟರೆ ಗುರುತಿಸುವುದು ಹೇಗೆ?

ಉತ್ತರ 1 (ನೇಕಾರರ ಮನೆಯವರು, ಇಳಕಲ್)

ಅಕ್ಕಾವರೇ, ಈ ಸೀರೆಯ ಬೆಲೆ ಎಲ್ಲಿ ಹುಟ್ಟುತ್ತದೆ ಎಂಬುದು ಗೊತ್ತಾದರೆ ಅದನ್ನು ಗುರುತಿಸುವ ದಾರಿಯೂ ಗೊತ್ತಾಗುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯ ನೂಲು ಹಾಕಿದ್ದರೂ ಸೆರಗಿಗೆ ರೇಷ್ಮೆಯನ್ನೋ, ಅಗ್ಗದ್ದಾದರೆ ಆರ್ಟ್ ಸಿಲ್ಕ್ ಎಂಬ ಕೃತಕ ರೇಷ್ಮೆಯನ್ನೋ ಹಾಕುತ್ತಾರೆ. ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಿದ ಮೇಲೆಯೇ ಸೆರಗಿನ ನೇಯ್ಗೆ ಮುಂದುವರಿಯುತ್ತದೆ. ಇದಕ್ಕೆ ತೋಪ್ ತೆನಿ ಎನ್ನುತ್ತೇವೆ. ಹೀಗಾಗಿ ಉದ್ದನೆಯ ಒಂದೇ ಹಾಸು ಹೂಡಿ ಒಂದರ ಹಿಂದೊಂದು ಸೀರೆ ನೇಯ್ದು ಕತ್ತರಿಸಿಕೊಳ್ಳಲು ಬರುವುದಿಲ್ಲ. ಒಂದೊಂದು ಸೀರೆಗೂ ಹೊಸದಾಗಿ ಹಾಸು ಸಿದ್ಧಪಡಿಸಬೇಕು. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಗುಂಡಿ ಮಗ್ಗದಲ್ಲಿ ಕುಳಿತವರು ಒಬ್ಬರೇ ಕಂಡರೂ ನೂಲು ಸುತ್ತುವವರು, ಹಾಸು ಹೂಡುವವರು, ಎಳೆ ಕೂಡಿಸುವವರು ಎಂದು ಮನೆಮಂದಿಯೆಲ್ಲ ಆ ಒಂದು ಸೀರೆಯಲ್ಲಿ ಸೇರಿರುತ್ತಾರೆ.

ಆದ್ದರಿಂದ ಅಂಗಡಿಯಲ್ಲಿ ಸೀರೆಯ ಹೊಳಪನ್ನು ನೋಡಬೇಡಿ, ಒಡಲು ಸೆರಗು ಕೂಡುವ ಜಾಗವನ್ನು ತಿರುವಿ ನೋಡಿ. ಅಲ್ಲಿ ಕುಣಿಕೆಗಳ ಸಾಲು ಬೆರಳಿಗೆ ಸಿಗಬೇಕು. ಸೆರಗಿನ ಕೊನೆಯ ಒಂದು ಎಳೆಯನ್ನು ಕೇಳಿ ಪಡೆದು ಸುಟ್ಟರೆ, ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ. ಇಳಕಲ್ ಸೀರೆಗೆ ಆ ಪ್ರದೇಶದ್ದೆಂದು ಗುರುತಿಸುವ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ಇದೆ, ಕೈಮಗ್ಗದ ಬಟ್ಟೆಗೆ ಅದು ಕೈಮಗ್ಗದ್ದೇ ಎಂದು ತಿಳಿಸುವ ಸರ್ಕಾರದ ಗುರುತಾದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಆದರೂ ಚೀಟಿಯ ಜೊತೆಗೆ ನಿಮ್ಮ ಬೆರಳನ್ನೂ ನಂಬಿ. ಚೌಕಾಸಿ ಮಾಡುವಾಗ ಆ ಕುಣಿಕೆಗಳನ್ನು ಒಮ್ಮೆ ನೆನೆಯಿರಿ ಎಂಬುದು ನನ್ನ ಕೋರಿಕೆ.

ಉತ್ತರ 2 (ಹೊಲಿಗೆ ಕೆಲಸದವರು, ಗದಗ)

ಮೇಲಿನವರ ಮಾತು ನಿಜ. ಆದರೂ ಒಂದು ವಿಷಯವನ್ನು ಹೇಳದೆ ಇರಲಾರೆ. ನನ್ನಲ್ಲಿಗೆ ಫಾಲ್ ಹಚ್ಚಿಸಲು ಬರುವ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಜನ ಕೂಲಿ ಮಾಡುವವರು. ಅವರ ಕೈಯಲ್ಲಿ ನಾಲ್ಕು ಸಾವಿರ ರೂಪಾಯಿ ಒಟ್ಟಿಗೆ ಕೂಡುವುದೇ ಇಲ್ಲ. ರಾತ್ರಿ ಒಗೆದು ಹಾಕಿದರೆ ಬೆಳಿಗ್ಗೆ ಒಣಗಿರುವ ಸೀರೆ ಅವರಿಗೆ ಬೇಕು. ಅವರಿಗೆ ಗುಣಮಟ್ಟ ಎಂದರೆ ಅದೇ. ಬೆಲೆ ಹೆಚ್ಚಾದ ಮಾತ್ರಕ್ಕೆ ಬಟ್ಟೆ ಒಳ್ಳೆಯದಾಗುವುದಿಲ್ಲ, ಅಗ್ಗವಾದ ಮಾತ್ರಕ್ಕೆ ಕೆಟ್ಟದ್ದೂ ಅಲ್ಲ. ಸಾವಿರಾರು ರೂಪಾಯಿಯ ಸೀರೆಯಲ್ಲಿ ಸೂಜಿ ಆಡಿದಲ್ಲೆಲ್ಲ ನೂಲು ಸರಿದದ್ದನ್ನು ನಾನೇ ಕಂಡಿದ್ದೇನೆ. ಕೊಳ್ಳುವ ಮೊದಲು ಬಟ್ಟೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಎಳೆಗಳು ಸರಿದು ಸಂದು ಬಿದ್ದರೆ ಅದು ಆರು ತಿಂಗಳೂ ಬಾಳುವುದಿಲ್ಲ. ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಅಂಚನ್ನು ಉಜ್ಜಿದರೆ ಬಣ್ಣ ಬಿಡುವುದೋ ಇಲ್ಲವೋ ತಿಳಿಯುತ್ತದೆ. ಮೇಡಂ, ನೀವು ದಿನವೂ ಸೀಮೆಸುಣ್ಣದ ಧೂಳಿನಲ್ಲಿ ನಿಲ್ಲುವವರು. ರೇಷ್ಮೆ ಸೆರಗಿನ ಒಂದನ್ನು ಕೊಂಡರೂ ಒಗೆಯಲು ಸುಲಭವಾದ ನಾಲ್ಕೈದು ಗಟ್ಟಿ ಹತ್ತಿ ಸೀರೆಗಳು ಬೇಕೇ ಬೇಕು.

ಉತ್ತರ 3 (ಗೃಹಿಣಿ, ಧಾರವಾಡ)

ಸೀರೆ ಹರಿದ ಮೇಲೆ ಏನಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮತ್ತೆಯವರು ಕೌದಿ ಹೊಲಿಯುತ್ತಾರೆ. ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹಾಸಿ ಟಾಕಿ ಹಾಕಿದರೆ ಅದು ಹತ್ತಾರು ವರ್ಷ ಹೊದಿಕೆಯಾಗಿ ಬಾಳುತ್ತದೆ. ಸಿಂಥೆಟಿಕ್ ಸೀರೆ ಕೊಟ್ಟರೆ ಅವರು ಬದಿಗಿಡುತ್ತಾರೆ: ಪದರ ಜಾರುತ್ತದೆ, ಬೆವರು ಹೀರುವುದಿಲ್ಲ. ನನ್ನ ಅಂಥ ಸೀರೆಗಳು ಈಗ ಪಾತ್ರೆ ವ್ಯಾಪಾರಿಗಾಗಿ ಕಾಯುತ್ತಿವೆ, ಅವನಿಗೂ ಬೇಡವಾಗಿವೆ. ಇನ್ನು ರೇಷ್ಮೆ ಸೆರಗಿನ ಸೀರೆಯನ್ನು ಅಂಟುವಾಳದ ನೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿದರೆ ಗೆರೆಯ ಮೇಲೆ ಬಿರಿಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅವ್ವನ ಸೀರೆಯನ್ನು ತಿರುವಿ, ಒಡಲು ಸೆರಗು ಕೂಡುವಲ್ಲಿ ಬೆರಳಾಡಿಸಿದೆ. ಕುಣಿಕೆಗಳು ಸಿಕ್ಕವು. ಗದಗದವರ ಮಾತಿನಂತೆ ಶಾಲೆಗೆ ಹತ್ತಿ ಸೀರೆಗಳನ್ನೇ ಉಡುತ್ತೇನೆ, ಕೊಳ್ಳುವಾಗ ಹೆಬ್ಬೆರಳಿನಿಂದ ಎಳೆದು ನೋಡುತ್ತೇನೆ. ಇಳಕಲ್ ಸೀರೆಗೆ ಈ ದೀಪಾವಳಿಯಿಂದ ಹಣ ಕೂಡಿಡಲು ಆರಂಭಿಸುತ್ತೇನೆ. ಬೇಸಿಗೆ ರಜೆಯಲ್ಲಿ ಇಳಕಲ್‌ಗೇ ಬಂದು, ನೇಯುವುದನ್ನು ನೋಡಿ ಕೊಳ್ಳುವ ಆಸೆಯಿದೆ.