ಅಮ್ಮನ ಖಾರದಪುಡಿ ಆನ್‌ಲೈನ್‌ನಲ್ಲಿ ಹೋಗ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ಪ್ರಶ್ನೆ:
ನಮ್ಮದು ಬ್ಯಾಡಗಿ ಹತ್ತಿರದ ಹಳ್ಳಿ. ನಾಲ್ಕು ತಿಂಗಳಿಂದ ದಿನಾ ಇನ್‌ಸ್ಟಾಗ್ರಾಮ್‌ನಲ್ಲಿ ಪ್ಯಾಕೆಟ್ ಫೋಟೊ, ಬೆಲೆ, ಕೆಳಗೆ ‘ಶುದ್ಧ, ಮನೆಯಲ್ಲೇ ಮಾಡಿದ್ದು’ ಅಂತ ಹಾಕುತ್ತಿದ್ದೇನೆ. ಲೈಕ್ ಬರುತ್ತವೆ. ಆರ್ಡರ್ ಮಾಡೋದು ನೆಂಟರು ಮಾತ್ರ. ಬೆಲೆ ಇಳಿಸಲಾ?

ಉತ್ತರ 1:
ಬೆಲೆ ಮುಟ್ಟಬೇಡಿ. ‘ಶುದ್ಧ’ ಅಂತ ಎಲ್ಲರೂ ಬರೀತಾರೆ, ಅದು ಯಾರ ಕಣ್ಣಿಗೂ ಬೀಳಲ್ಲ. ಕೊಳ್ಳುವವರ ಅಡುಗೆಮನೆಯಲ್ಲಿ ನಿಂತು ಯೋಚಿಸಿ: ಮಗು ಖಾರ ತಿನ್ನಲ್ಲ, ಆದರೆ ಸಾರು ಕೆಂಪಗೆ ಕಾಣಬೇಕು, ಅಲ್ವಾ? ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿದ್ದೇ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ. 2011ರಲ್ಲಿ ಜಿಐ ಟ್ಯಾಗ್ (ಇದು ಆ ಪ್ರದೇಶದ್ದೇ ವಿಶೇಷ ಅನ್ನೋ ಸರ್ಕಾರಿ ಗುರುತು) ಕೂಡ ಸಿಕ್ಕಿದೆ. ಸುಕ್ಕು ಸುಕ್ಕಾದ ಕಾಯಿಯನ್ನು ಅಮ್ಮ ತೊಟ್ಟು ಮುರಿಯೋದು, ಬಿಸಿ ಎಣ್ಣೆಗೆ ಅರ್ಧ ಚಮಚ ಪುಡಿ ಬಿದ್ದ ಕೂಡಲೇ ಬಣ್ಣ ಬಿಡೋದು, ಇಷ್ಟನ್ನೇ ಹತ್ತಿರದಿಂದ ವಿಡಿಯೊ ಮಾಡಿ.

ಉತ್ತರ 2:
ನಾನು ಚಟ್ನಿಪುಡಿ ಮಾರುತ್ತೇನೆ. ಹೊಸಬರು ಅರ್ಧ ಕೆಜಿ ಧೈರ್ಯವಾಗಿ ತಗೊಳ್ಳಲ್ಲ, 100 ಗ್ರಾಂ ಇಡಿ. ಕೊಂಡವರಿಗೆ ಎರಡು ವಾರ ಬಿಟ್ಟು ‘ಯಾವ ಅಡುಗೆಗೆ ಹಾಕಿದ್ರಿ?’ ಅಂತ ವಾಟ್ಸಾಪ್‌ನಲ್ಲಿ ಕೇಳಿ. ಅವರು ಹೇಳಿದ ಮಾತನ್ನೇ, ಅವರನ್ನು ಕೇಳಿಕೊಂಡು, ಮುಂದಿನ ಪೋಸ್ಟಿಗೆ ಹಾಕಿ. ನನಗೆ ಮತ್ತೆ ಮತ್ತೆ ಕೊಳ್ಳುವವರು ಸಿಕ್ಕಿದ್ದು ಹೀಗೇ.

ಉತ್ತರ 3:
ಪ್ಯಾಕೆಟ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಅಂದರೆ ಆಹಾರ ಮಾರುವವರಿಗೆ ಸರ್ಕಾರ ಕೊಡೋ ನೋಂದಣಿ ಸಂಖ್ಯೆ, ಇದೆಯಾ? ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಗುರುತಿಲ್ಲದವರಿಂದ ತಿನ್ನೋ ಪದಾರ್ಥ ತರಿಸುವಾಗ ನಾನಂತೂ ಮೊದಲು ನೋಡೋದು ಅದನ್ನೇ.

ಪ್ರಶ್ನೆ ಕೇಳಿದವರು:
ಸಂಖ್ಯೆ ಇದೆ, ಪ್ಯಾಕೆಟ್ ಹಿಂದೆ ಸಣ್ಣಗೆ. ಫೋಟೊದಲ್ಲಿ ಒಮ್ಮೆಯೂ ತೋರಿಸಿಲ್ಲ. ನಾಳೆ ಬೆಳಿಗ್ಗೆ ಅಮ್ಮ ಕಾಯಿ ಹುರಿಯುವಾಗ ವಿಡಿಯೊ ಮಾಡ್ತೀನಿ.